ಹೆಡ್‌ಮಾಸ್ಟರನ್ನು ಅಪ್ಪ-ಅಮ್ಮಂದಿರೇ ಆರಿಸುವ ಊರು

ಮಗಳ ರಿಪೋರ್ಟ್ ಕಾರ್ಡ್ ತರಲು ಶಾಲೆಗೆ ಹೋಗಿದ್ದೆ. ಇಲ್ಲೇ ಚಿಕಾಗೋದ ಸರ್ಕಾರಿ ಶಾಲೆ. ಬಾಗಿಲ ಹತ್ತಿರ ಮೇಜು ಹಾಕಿಕೊಂಡು ಕೂತಿದ್ದ ಹೆಂಗಸೊಬ್ಬರು ಕೈಗೆ ಮತಪತ್ರ ಕೊಟ್ಟರು. ನಾನು ಈ ದೇಶದ ಪ್ರಜೆ ಅಲ್ಲ, ವೀಸಾ ಮೇಲೆ ಇರುವವನು ಅಂದೆ. ಮಗು ಇದೇ ಶಾಲೆ ತಾನೇ, ಅಷ್ಟು ಸಾಕು ಅಂದರು. ತೆರಿಗೆ ಕಟ್ಟುತ್ತೇನೆ, ಆದರೆ ಇಲ್ಲಿ ಬೇರೆ ಯಾವ ಚುನಾವಣೆಯಲ್ಲೂ ನನಗೆ ವೋಟಿಲ್ಲ. ಊರಿನ ಚುನಾವಣೆಗೆ ವೋಟು ಹಾಕಬೇಕೆಂದರೆ ವಿಮಾನ ಹತ್ತಬೇಕು. ಎಷ್ಟೋ ವರ್ಷದ ಮೇಲೆ ಕೈಗೆ ಬಂದ ಮತಪತ್ರ ಅದು. ತುಂಬಾ ಖುಷಿಯಾಯಿತು.

ಅದು ಲೋಕಲ್ ಸ್ಕೂಲ್ ಕೌನ್ಸಿಲ್ ಚುನಾವಣೆ. 1988ರಲ್ಲಿ ಇಲಿನಾಯ್ ರಾಜ್ಯ ಮಾಡಿದ ಕಾನೂನಿನಿಂದ ಬಂದದ್ದು. ಪ್ರಾಥಮಿಕ ಶಾಲೆಯ ಕೌನ್ಸಿಲಿನಲ್ಲಿ ಆರು ಜನ ಪೋಷಕರು, ಇಬ್ಬರು ಸುತ್ತಮುತ್ತಲಿನ ನಿವಾಸಿಗಳು, ಇಬ್ಬರು ಶಿಕ್ಷಕರು, ಒಬ್ಬರು ಇತರ ಸಿಬ್ಬಂದಿ, ಜೊತೆಗೆ ಪ್ರಿನ್ಸಿಪಾಲ್ ಇರುತ್ತಾರೆ. ಇವರು ಶಾಲೆಯ ಬಜೆಟ್ ಒಪ್ಪಬೇಕು, ವರ್ಷವರ್ಷವೂ ಪ್ರಿನ್ಸಿಪಾಲರ ಕೆಲಸದ ಮೌಲ್ಯಮಾಪನ ಮಾಡಬೇಕು. ಎಲ್ಲಕ್ಕಿಂತ ಮುಖ್ಯವಾಗಿ, ಪ್ರಿನ್ಸಿಪಾಲರನ್ನು ಆರಿಸುವವರೇ ಇವರು. ಒಪ್ಪಂದ ನಾಲ್ಕು ವರ್ಷದ್ದು. ಕೌನ್ಸಿಲಿಗೆ ತೃಪ್ತಿ ಇಲ್ಲದಿದ್ದರೆ ಅದು ಮುಂದುವರಿಯುವುದಿಲ್ಲ.

ಇದರಿಂದ ಏನು ವ್ಯತ್ಯಾಸ ಆಗುತ್ತದೆ ಅಂತ ಮೀಟಿಂಗಿಗೆ ಹೋದ ಮೇಲೆ ಗೊತ್ತಾಯಿತು. ಮೀಟಿಂಗ್ ಸಂಜೆ ಹೊತ್ತು, ಮಕ್ಕಳು ಊಟ ಮಾಡುವ ಹಾಲಿನಲ್ಲಿ. ಯಾರು ಬೇಕಾದರೂ ಹೋಗಬಹುದು. ಬಜೆಟ್ಟಿನ ಜೆರಾಕ್ಸ್ ಪ್ರತಿ ಎಲ್ಲರಿಗೂ ಹಂಚಿದ್ದರು. ಒಬ್ಬ ತಾಯಿ ಎದ್ದು ಸ್ಪ್ಯಾನಿಷ್‌ನಲ್ಲಿ ಕೇಳಿದರು, ಪಕ್ಕದವರು ಇಂಗ್ಲಿಷಿನಲ್ಲಿ ಹೇಳಿದರು: ಎರಡನೇ ಮಹಡಿಯ ಹುಡುಗಿಯರ ಬಾತ್‌ರೂಮಿನಲ್ಲಿ ಒಂದು ಬಾಗಿಲಿಗೆ ಚಿಲಕ ಇಲ್ಲ, ನನ್ನ ಮಗಳು ಮನೆಗೆ ಬರುವವರೆಗೆ ತಡೆದುಕೊಂಡಿರುತ್ತಾಳೆ. ಪ್ರಿನ್ಸಿಪಾಲ್ ಬರೆದುಕೊಂಡರು. ಯಾವ ತಾರೀಖಿಗೆ ಅಂತ ಇನ್ನೊಬ್ಬರು ಕೇಳಿದರು. ತಾರೀಖು ಹೇಳಲೇಬೇಕಾಯಿತು. ಮುಂದಿನ ಮೀಟಿಂಗಿನಲ್ಲಿ ಮೊದಲು ಬಂದದ್ದೇ ಆ ಚಿಲಕದ ವಿಷಯ, ಆಗಲೇ ಹಾಕಿಸಿದ್ದರು. ಆ ತಾಯಿ ಯಾರನ್ನೂ ಬೈಯಲಿಲ್ಲ, ಯಾರ ಕಾಲಿಗೂ ಬೀಳಲಿಲ್ಲ. ಪ್ರಿನ್ಸಿಪಾಲರ ಒಪ್ಪಂದ ಮುಂದುವರಿಸಬೇಕೋ ಬೇಡವೋ ಅಂತ ನಿರ್ಧರಿಸುವವರು ಆ ಮೇಜಿನ ಸುತ್ತಲೇ ಕೂತಿದ್ದರು ನೋಡಿ.

ಅವತ್ತು ರಾತ್ರಿ ಮೈಸೂರಿಗೆ ಅಕ್ಕನಿಗೆ ಫೋನ್ ಮಾಡಿದೆ. ಅವಳ ಮಗ ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆಯಲ್ಲಿ ಓದುತ್ತಾನೆ, ಅವಳು ಅಲ್ಲಿನ ಎಸ್‌ಡಿಎಂಸಿ, ಅಂದರೆ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಯ ಸದಸ್ಯೆ. ನಿಮ್ಮ ಮೀಟಿಂಗ್ ಹೇಗಿರುತ್ತೆ ಅಂತ ಕೇಳಿದೆ. "ಬೆಳಿಗ್ಗೆ ಹನ್ನೊಂದಕ್ಕೆ ಕರೀತಾರೆ ಕಣೋ. ಟೈಲರಿಂಗ್ ಅಂಗಡಿ ಬಿಟ್ಟು ಹೋಗ್ಬೇಕು, ಅರ್ಧ ದಿನದ ದುಡ್ಡು ಹೋಯ್ತು. ಹೋದ್ರೆ ನಡಾವಳಿ ಪುಸ್ತಕದಲ್ಲಿ ಎಲ್ಲಾ ಮೊದಲೇ ಬರೆದಿರ್ತಾರೆ. ಸಹಿ ಹಾಕಿ, ಟೀ ಕುಡಿದು ಬರೋದು." ರಸ್ತೆ ಕಡೆಯ ಕಾಂಪೌಂಡ್ ಬಿದ್ದು ಎಷ್ಟು ದಿನ ಆಯಿತು ಅಂದರೆ ಅವಳಿಗೇ ನೆನಪಿಲ್ಲ. ಬಸ್ಸು ಓಡಾಡುವ ರಸ್ತೆ ಅದು. ಹೆಡ್‌ಮಾಸ್ಟರನ್ನು ಕೇಳಿದರೆ ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಆಫೀಸು ಅನ್ನುತ್ತಾರೆ, ಬಿಇಒ ಆಫೀಸಿನಲ್ಲಿ ಅನುದಾನ ಬಂದಿಲ್ಲ ಅನ್ನುತ್ತಾರೆ.

ನನಗೆ ಸಿಟ್ಟು ಬಂದದ್ದು ಇದಕ್ಕೇ. ಕಾನೂನು ನಮ್ಮಲ್ಲಿ ಇಲ್ಲ ಅಂತಲ್ಲ. ಕರ್ನಾಟಕದಲ್ಲಿ ಎಸ್‌ಡಿಎಂಸಿ ಬಂದದ್ದು 2001ರಲ್ಲಿ. 2009ರ ಶಿಕ್ಷಣ ಹಕ್ಕು ಕಾಯ್ದೆ ಶಾಲಾ ಸಮಿತಿಯ ನಾಲ್ಕರಲ್ಲಿ ಮೂರು ಪಾಲು ಪೋಷಕರೇ ಇರಬೇಕು, ಅರ್ಧದಷ್ಟು ಹೆಂಗಸರಿರಬೇಕು ಅನ್ನುತ್ತದೆ. ಚಿಕಾಗೋದಲ್ಲಿ ಪೋಷಕರು ಬರೀ ಅರ್ಧ. ಅನುದಾನ ಹೇಗೆ ಖರ್ಚಾಗುತ್ತಿದೆ ಅಂತ ನೋಡುವ ಹಕ್ಕು, ಶಾಲಾ ಅಭಿವೃದ್ಧಿ ಯೋಜನೆ ಮಾಡುವ ಹಕ್ಕು, ಎಲ್ಲಾ ಕಾಗದದ ಮೇಲಿದೆ. ಆದರೆ ಹೆಡ್‌ಮಾಸ್ಟರ್ ಎಲ್ಲಿಗೆ ಹೋಗಬೇಕು ಅನ್ನೋದು ಇಲಾಖೆಯ ವರ್ಗಾವಣೆ ಕೌನ್ಸೆಲಿಂಗಿನಲ್ಲಿ ತೀರ್ಮಾನ ಆಗುತ್ತದೆ. ಅವರು ಚೆನ್ನಾಗಿ ನಡೆಸಿದರೂ, ನಡೆಸದಿದ್ದರೂ ಪೋಷಕರ ಮಾತಿಗೆ ಅಲ್ಲಿ ಜಾಗವೇ ಇಲ್ಲ. ಮೇಲಿನವರಿಗೆ ಮಾತ್ರ ಉತ್ತರ ಕೊಡಬೇಕಾದವರು ಕೆಳಗೆ ಯಾಕೆ ನೋಡುತ್ತಾರೆ?

ಇನ್ನೊಂದು ನೋವು, ನನ್ನಂಥವರ ಬಗ್ಗೆ. ಬೆಂಗಳೂರಿನಲ್ಲಿರುವ ನನ್ನ ಸ್ನೇಹಿತರೆಲ್ಲ ಮಕ್ಕಳನ್ನು ಪ್ರೈವೇಟ್ ಶಾಲೆಗೆ ಹಾಕಿದ್ದಾರೆ. ಜಗಳ ಫೀಸಿನದು, ಅದೂ ವಾಟ್ಸಾಪಿನಲ್ಲಿ. 2014ರ ಜುಲೈನಲ್ಲಿ ಒಂದು ಪ್ರೈವೇಟ್ ಶಾಲೆಯಲ್ಲಿ ಪುಟ್ಟ ಹುಡುಗಿಯ ಮೇಲೆ ದೌರ್ಜನ್ಯ ಆದಾಗ ಸಾವಿರಾರು ಪೋಷಕರು ಬೀದಿಗಿಳಿದರು. ಇಳಿಯಲೇಬೇಕಿತ್ತು. ಅದೇ ದನಿ, ಅದೇ ಇಂಗ್ಲಿಷು, ಅದೇ ಧೈರ್ಯ ಸರ್ಕಾರಿ ಶಾಲೆಯ ಬಿದ್ದ ಕಾಂಪೌಂಡಿಗೆ ಯಾಕೆ ಇಲ್ಲ? ಅಲ್ಲಿ ನಮ್ಮ ಮಕ್ಕಳಿಲ್ಲ, ಅಷ್ಟೆ. ಕೇಳಬಲ್ಲವರೆಲ್ಲ ಎದ್ದು ಹೋದ ಮೇಲೆ ಕೂಲಿ ಬಿಟ್ಟು ಬರುವವರ ಮೇಲೆ ಪೂರ್ತಿ ಭಾರ ಬಿತ್ತು.

ಚಿಕಾಗೋ ಸ್ವರ್ಗ ಅಂತ ಹೇಳುತ್ತಿಲ್ಲ. ಹೇಳಲೂ ಆಗುವುದಿಲ್ಲ. 2013ರಲ್ಲಿ ಇದೇ ಊರು ಒಂದೇ ಏಟಿಗೆ ಸುಮಾರು 50 ಶಾಲೆ ಮುಚ್ಚಿತು. ಹೆಚ್ಚಿನವು ದಕ್ಷಿಣ ಮತ್ತು ಪಶ್ಚಿಮ ಭಾಗದ ಕಪ್ಪು ಜನರ ಕೇರಿಗಳಲ್ಲಿದ್ದವು. ಪೋಷಕರು ಅತ್ತರು, ಕೂಗಿದರು, ಕೇಳಲಿಲ್ಲ. ಆಗ ಊರಿನ ಸರ್ಕಾರಿ ಶಾಲೆಗಳನ್ನೆಲ್ಲ ನಡೆಸಲು ಮೇಯರ್ ನೇಮಿಸಿದ ಮಂಡಳಿ ಇತ್ತು, ಕೌನ್ಸಿಲ್‌ಗಳಿಗೆ ಅದನ್ನು ತಡೆಯುವ ಅಧಿಕಾರ ಇರಲಿಲ್ಲ. ಶಾಲೆ ಮುಚ್ಚಿಸಿದ ಆ ವ್ಯವಸ್ಥೆಯ ಮುಖ್ಯಸ್ಥೆಯೇ ಆಮೇಲೆ ಗುತ್ತಿಗೆ ಲಂಚದ ಕೇಸಿನಲ್ಲಿ ತಪ್ಪೊಪ್ಪಿಕೊಂಡು ಜೈಲಿಗೆ ಹೋದರು. ಡಯೆಟ್ ಹೈಸ್ಕೂಲ್ ಉಳಿಸಲು 2015ರಲ್ಲಿ ಪೋಷಕರು, ಅಜ್ಜಿಯರು 34 ದಿನ ಉಪವಾಸ ಕೂರಬೇಕಾಯಿತು. ಶಾಲೆ ಮರುವರ್ಷ ತೆರೆಯಿತು, ಆದರೆ ಅವರು ಕೇಳಿದ ರೂಪದಲ್ಲಿ ಅಲ್ಲ. ಶಾಲೆಯೊಳಗೆ ಪೊಲೀಸರು ಇರಬೇಕೇ ಬೇಡವೇ ಅಂತ 2020ರಲ್ಲಿ ಆಯಾ ಕೌನ್ಸಿಲ್‌ಗಳೇ ಮತ ಹಾಕಿ ತೀರ್ಮಾನಿಸಿದ್ದವು. 2024ರಲ್ಲಿ ಮಂಡಳಿಯೇ ಆ ತೀರ್ಮಾನವನ್ನು ಮೇಲಕ್ಕೆ ಎಳೆದುಕೊಂಡು ಎಲ್ಲಾ ಶಾಲೆಗಳಿಂದಲೂ ಪೊಲೀಸರನ್ನು ತೆಗೆಯಿತು. ಎಷ್ಟೋ ಶಾಲೆಗಳಲ್ಲಿ ಕೌನ್ಸಿಲಿಗೆ ನಿಲ್ಲುವವರೂ ಸಿಗುವುದಿಲ್ಲ. ಮಂಡಳಿಯ ಸದಸ್ಯರನ್ನು ಜನ ಆರಿಸುವ ಚುನಾವಣೆ ಮೊದಲ ಸಲ ನಡೆದದ್ದೇ 2024ರ ನವೆಂಬರಿನಲ್ಲಿ. ಅದಕ್ಕೆ ನನಗೆ ವೋಟಿಲ್ಲ.

ಇದನ್ನೆಲ್ಲ ಅಕ್ಕನಿಗೂ ಹೇಳಿದೆ. ಅವಳು ಕೇಳಿದ್ದು ಬೇರೆ. "ನಾವು ಜೋರು ಮಾಡಿ, ಇರೋ ಮೇಷ್ಟ್ರೂ ವರ್ಗ ಮಾಡಿಸ್ಕೊಂಡು ಹೋದ್ರೆ? ಆ ಜಾಗಕ್ಕೆ ಯಾರು ಬರ್ತಾರೆ?" ಅದಕ್ಕೆ ನನ್ನ ಹತ್ತಿರ ಉತ್ತರ ಇರಲಿಲ್ಲ. ಇಲ್ಲಿ ಕೌನ್ಸಿಲ್ ಒಬ್ಬರನ್ನು ಬೇಡ ಅಂದರೆ ಅರ್ಜಿ ಹಾಕಲು ಇನ್ನೊಬ್ಬರು ಇರುತ್ತಾರೆ. ಅಲ್ಲಿ ಹುದ್ದೆಗಳೇ ಖಾಲಿ. ಅವಳು ಸುಮ್ನೆ ಹೆದರಿಕೊಂಡು ಹೇಳಿದ ಮಾತಲ್ಲ ಅದು.

ಹಾಗಾಗಿ ಹೆಡ್‌ಮಾಸ್ಟರನ್ನು ಆರಿಸುವ ಹಕ್ಕು ನಾಳೆಯೇ ಕೊಡಿ ಅಂತ ಕೇಳುವುದಿಲ್ಲ. ಮೀಟಿಂಗನ್ನು ಸಂಜೆ ಆರಕ್ಕೆ ಇಡಿ. ವರ್ಷದ ಅನುದಾನ ಎಷ್ಟು ಬಂತು, ಎಷ್ಟು ಖರ್ಚಾಯಿತು ಅಂತ ಗೇಟಿನ ಹತ್ತಿರ ಗೋಡೆಗೆ ಅಂಟಿಸಿ. ಹೆಡ್‌ಮಾಸ್ಟರರ ವಾರ್ಷಿಕ ವರದಿಯಲ್ಲಿ ಎಸ್‌ಡಿಎಂಸಿಯ ಮಾತಿಗೂ ಒಂದು ಪುಟ ಇಡಿ. ಮೊದಲ ಎರಡಕ್ಕೆ ಯಾರ ಅಪ್ಪಣೆಯೂ ಬೇಕಿಲ್ಲ ಅಲ್ವಾ? ಸಂಜೆ ಮೀಟಿಂಗಿಗೆ ಈ ತಿಂಗಳೇ ಪತ್ರ ಕೊಡುತ್ತೇನೆ, ಇನ್ನಿಬ್ಬರು ತಾಯಂದಿರ ಸಹಿಯೂ ತಗೋತೀನಿ ಅಂದಿದ್ದಾಳೆ ಅಕ್ಕ. ಪತ್ರದ ಕರಡು ನಾನು ಬರೆದು ಕಳಿಸುತ್ತಿದ್ದೇನೆ, ಕಾಂಪೌಂಡಿನ ವಿಷಯ ಅದರಲ್ಲಿ ಮೊದಲನೆಯದು.