ಅಟ್ಟ ತುಂಬಿದ ಸನ್ಮಾನ

ತುಮಕೂರಿನಲ್ಲಿ ಸನ್ಮಾನ ತಪ್ಪಿಸಿಕೊಂಡು ಬದುಕುವುದು ಈಗ ಕಷ್ಟ. ನಿವೃತ್ತರಾದರೆ ಸನ್ಮಾನ, ಬಡ್ತಿ ಸಿಕ್ಕರೆ ಸನ್ಮಾನ. ಮಗಳಿಗೆ ಎಸ್ಸೆಸ್ಸೆಲ್ಸಿಯಲ್ಲಿ ಒಳ್ಳೆ ಮಾರ್ಕ್ಸ್ ಬಂದರೆ ಅವಳ ಜೊತೆ ಅಪ್ಪನಿಗೂ ಒಂದು ಶಾಲು. ನವೆಂಬರ್ ಬಂತೆಂದರೆ ಕೇಳುವುದೇ ಬೇಡ. 1ನೇ ತಾರೀಕು ಶುರುವಾದ ರಾಜ್ಯೋತ್ಸವ ತಿಂಗಳಿಡೀ ಗಲ್ಲಿ ಗಲ್ಲಿ ಸುತ್ತುತ್ತದೆ.

ಗುಬ್ಬಿ ವೀರಣ್ಣನವರು ನಿಜವಾದ ಆನೆಗಳನ್ನೇ ರಂಗದ ಮೇಲೆ ತಂದವರು. ಅವರ ಜಿಲ್ಲೆಯವರು ನಾವು. ಆದರೆ ಸನ್ಮಾನ ಮಾಡುವವರು, ಮಾಡಿಸಿಕೊಳ್ಳುವವರು, ಫೋಟೋಗೆ ನುಗ್ಗುವವರು ಎಲ್ಲ ಹತ್ತಿದ ಮೇಲೆ ನಮ್ಮ ವೇದಿಕೆಯಲ್ಲಿ ಆನೆ ಹಾಗಿರಲಿ, ಮೈಕ್ ಹಿಡಿದ ನಿರೂಪಕಿಗೂ ಕಾಲಿಡಲು ಜಾಗ ಇರುವುದಿಲ್ಲ.

ಮೊದಲು ಹಾರ, ಆಮೇಲೆ ಶಾಲು, ಪೇಟ, ಹಣ್ಣಿನ ಬುಟ್ಟಿ. ಹಾರವನ್ನು ಹಾಕಿಸಿಕೊಂಡವರೇ ತೆಗೆದು ಟೀಪಾಯಿ ಮೇಲೆ ಇಡುತ್ತಾರೆ. ಪೇಟ ನಿಮ್ಮ ತಲೆಯ ಮೇಲೆ ಇರುವುದು ಫೋಟೋ ತೆಗೆಯುವವರೆಗೆ ಮಾತ್ರ. ಹಿಂದಿನಿಂದ ಒಂದು ಕೈ ಬಂದು ಅದನ್ನು ಎತ್ತಿ ಪಕ್ಕದವರಿಗೆ ತೊಡಿಸುತ್ತದೆ. ಅವರ ತಲೆ ಸಣ್ಣದಾಗಿದ್ದರೆ ಪೇಟ ಹುಬ್ಬಿನ ತನಕ ಇಳಿಯುತ್ತದೆ, ಪತ್ರಿಕೆಯಲ್ಲಿ ಅದೇ ಫೋಟೋ ಬರುತ್ತದೆ. ಬುಟ್ಟಿಯಲ್ಲಿ ಮೇಲೊಂದು ಸಾಲು ಸೇಬು, ಕೆಳಗೆಲ್ಲ ಕಾಗದದ ಚೂರು. ಕೊನೆಗೆ ಬರುವುದೇ ಮೊಮೆಂಟೊ, ನೆನಪಿನ ಕಾಣಿಕೆ.

ಒಂದೂವರೆ ಅಡಿ ಎತ್ತರ. ಕೆಳಗೆ ಮರದಂತೆ ಕಾಣುವ, ಮರವಲ್ಲದ ಹಲಗೆ. ಅದರ ಮೇಲೆ ಅಕ್ರಿಲಿಕ್ ಹಾಳೆ, ಸುತ್ತ ಬಂಗಾರದ ಬಣ್ಣದ ಬಳ್ಳಿ. ನೆತ್ತಿಯಲ್ಲಿ ಸಂಘದ ಲಾಂಛನ. ಅದರ ಕೆಳಗೆ ಅಧ್ಯಕ್ಷರ ಫೋಟೋ, ಗೌರವಾಧ್ಯಕ್ಷರ ಫೋಟೋ, ಪ್ರಾಯೋಜಕರ ಫೋಟೋ, ಪ್ರಾಯೋಜಕರ ಮೊಬೈಲ್ ನಂಬರ್. ತೀರ ಕೆಳಗೆ ‘ಶ್ರೀ/ಶ್ರೀಮತಿ’ ಎಂದು ಅಚ್ಚಾಗಿದೆ, ಮುಂದೆ ಚುಕ್ಕಿಗಳ ಸಾಲು. ಅಲ್ಲಿ ಸನ್ಮಾನಿತರ ಹೆಸರು ಬರೆಯಬೇಕಿತ್ತು. ಸ್ಕೆಚ್ ಪೆನ್ ಸಿಗಲಿಲ್ಲವಂತೆ. ಯಾರ ನೆನಪಿಗೆ ಈ ಕಾಣಿಕೆ ಅಂತ ಇನ್ನೂ ಬಿಡಿಸಿ ಹೇಳಬೇಕಾ? ಪಡೆದವರು ಕೊಟ್ಟವರನ್ನು ಮರೆಯಬಾರದು, ಅಷ್ಟೇ. ಕೊಟ್ಟವರು ಪಡೆದವರನ್ನು ಊಟದ ಪಂಕ್ತಿ ಮುಟ್ಟುವಷ್ಟರಲ್ಲಿ ಮರೆತಿರುತ್ತಾರೆ.

ಇದೇ ಊರಿನಲ್ಲಿ ಒಂದು ಕಾಲಕ್ಕೆ ನೆನಪಿನ ಕಾಣಿಕೆ ಮಾಡುವ ಕಾರ್ಖಾನೆಯೇ ಇತ್ತು. 1961ರಲ್ಲಿ ಜಪಾನಿನ ಸಿಟಿಜನ್ ಕಂಪನಿ ಜೊತೆ ಸೇರಿ ಬೆಂಗಳೂರಿನಲ್ಲಿ ವಾಚ್ ಮಾಡಲು ಶುರುಮಾಡಿದ ಎಚ್‌ಎಂಟಿ ಆಮೇಲೆ ತುಮಕೂರಿಗೂ ಬಂತು. ರಿಟೈರಾದವರಿಗೆ, ಹೊಸ ಅಳಿಯನಿಗೆ, ಪಾಸಾದ ಮಗನಿಗೆ ಕೊಡುತ್ತಿದ್ದದ್ದು ಅದನ್ನೇ. ದಿನಾ ಬೆಳಿಗ್ಗೆ ಕೀ ಕೊಡಬೇಕು, ಕೀ ಕೊಡುವಾಗ ಕೊಟ್ಟವರು ನೆನಪಾಗುತ್ತಿದ್ದರು. ಮಾವ ಮಾತು ತಪ್ಪಿದರೂ ಮಾವ ಕೊಟ್ಟ ವಾಚ್ ಟೈಮ್ ತಪ್ಪುತ್ತಿರಲಿಲ್ಲ. ಅದರ ಡಯಲ್ ಮೇಲೆ ಮಾವನ ಫೋಟೋ ಇರಲಿಲ್ಲ ಎಂಬುದನ್ನೂ ಗಮನಿಸಬೇಕು. 2016ರಲ್ಲಿ ವಾಚ್ ಕಂಪನಿಯನ್ನೇ ಮುಚ್ಚಲು ಕೇಂದ್ರ ಸರ್ಕಾರ ತೀರ್ಮಾನಿಸಿತು. ಇಲ್ಲಿನ ಜಾಗ ಇಸ್ರೋ ಪಾಲಾಯಿತು. ಈಗ ಕೆಲವು ಮೊಮೆಂಟೊಗಳ ನಡುವೆಯೇ ಪ್ಲಾಸ್ಟಿಕ್ ಗಡಿಯಾರ ಇರುತ್ತದೆ. ಸೆಲ್ ನೀವೇ ಹಾಕಿಕೊಳ್ಳಬೇಕು.

ಸರ್ಕಾರ ಸುಮ್ನೆ ಕೂತಿಲ್ಲ ಬಿಡಿ. ಬಸವರಾಜ ಬೊಮ್ಮಾಯಿ ಮುಖ್ಯಮಂತ್ರಿ ಆಗಿದ್ದಾಗ, 2021ರ ಆಗಸ್ಟ್‌ನಲ್ಲಿ, ಸರ್ಕಾರಿ ಕಾರ್ಯಕ್ರಮಗಳಲ್ಲಿ ಹಾರ, ಶಾಲು, ಹಣ್ಣಿನ ಬುಟ್ಟಿ, ನೆನಪಿನ ಕಾಣಿಕೆ ಯಾವುದೂ ಬೇಡ, ಬೇಕಿದ್ದರೆ ಕನ್ನಡ ಪುಸ್ತಕ ಕೊಡಿ ಎಂದು ಆದೇಶವಾಯಿತು. 2023ರ ಮೇ ತಿಂಗಳಲ್ಲಿ ಸಿದ್ದರಾಮಯ್ಯನವರೂ ನನಗೆ ಹೂವು, ಶಾಲು ಬೇಡ, ಪುಸ್ತಕ ಕೊಡಿ ಎಂದರು. ಎರಡು ಪಕ್ಷಗಳು ಒಂದೇ ಮಾತಾಡಿದ ಅಪರೂಪದ ವಿಷಯ ಇದು. ನಮ್ಮ ಸಂಘದವರೂ ಆ ಮಾತಿಗೆ ಬೆಲೆ ಕೊಟ್ಟರು. ಹಾರ, ಶಾಲು, ಪೇಟ, ಬುಟ್ಟಿ, ಮೊಮೆಂಟೊ ಎಲ್ಲದರ ಜೊತೆಗೆ ಪುಸ್ತಕವನ್ನೂ ಸೇರಿಸಿದರು. ಬಣ್ಣದ ಪೇಪರಿನಲ್ಲಿ ಚೆನ್ನಾಗಿ ಸುತ್ತಿರುತ್ತಾರೆ. ಬಿಚ್ಚದೆ ಮುಂದಿನ ಸಮಾರಂಭಕ್ಕೆ ದಾಟಿಸಲು ಅದೇ ಅನುಕೂಲ.

ಮೊಮೆಂಟೊ ದಾಟಿಸಲು ಆಗುವುದಿಲ್ಲ. ಇಸವಿ ಅಚ್ಚಾಗಿರುತ್ತದೆ. ಶೋಕೇಸ್ ತುಂಬಿದ ಮೇಲೆ ಫ್ರಿಡ್ಜ್ ನೆತ್ತಿಗೆ, ಅಲ್ಲಿಂದ ಅಟ್ಟಕ್ಕೆ. ಎಸೆಯೋಣ ಎಂದರೆ ಅದರ ಮೂಲೆಯಲ್ಲಿ ತಾಯಿ ಭುವನೇಶ್ವರಿ ಕೂತಿದ್ದಾಳೆ. ಭುವನೇಶ್ವರಿಯನ್ನು ಕಸದ ಗಾಡಿಗೆ ಹಾಕಲು ಯಾವ ಕನ್ನಡಿಗನಿಗೆ ಕೈ ಬರುತ್ತದೆ? ನಮ್ಮ ಬೀದಿಯ ಗುಜರಿಯವನನ್ನು ಕೇಳಿ ನೋಡಿದೆ. ಎತ್ತಿ ನೋಡಿದ, ಬೆರಳಲ್ಲಿ ತಟ್ಟಿದ, ತಿರುಗಿಸಿ ತಳ ನೋಡಿದ. ‘ಕಬ್ಬಿಣ ಅಲ್ಲ, ರಟ್ಟೂ ಅಲ್ಲ ಸಾರ್. ನಾಲ್ಕು ಸ್ಕ್ರೂ ಇದೆ, ಬೇಕಾದ್ರೆ ಅದು ಬಿಚ್ಕೊಡಿ’ ಅಂದ.

ಕೊಡಲೇಬೇಕು ಅಂದರೆ ಈ ಜಿಲ್ಲೆಯಲ್ಲಿ ವಸ್ತುವಿಗೇನು ಬರ? ತಿಪಟೂರಿನ ಕೊಬ್ಬರಿ ಕೊಡಿ, ಯಾರೂ ಅಟ್ಟಕ್ಕೆ ಹಾಕುವುದಿಲ್ಲ. ಕ್ಯಾತ್ಸಂದ್ರದ ತಟ್ಟೆ ಇಡ್ಲಿ ಕೊಡಿ, ವೇದಿಕೆಯಿಂದ ಇಳಿಯುವುದರೊಳಗೆ ವಿಲೇವಾರಿ. ಆದರೆ ಮೂರು ಫೋಟೋ, ಒಂದು ಮೊಬೈಲ್ ನಂಬರ್ ಅಂಟಿಸಲು ಕೊಬ್ಬರಿ ಮೇಲೆ ಜಾಗ ಸಾಲದು.

ಹಾಗಾಗಿ ಪೇಟದ ಪದ್ಧತಿಯನ್ನೇ ಮೊಮೆಂಟೊಗೂ ತಂದರೆ ಹೇಗೆ? ಕುರ್ಚಿ, ಪಾತ್ರೆ, ಜಮಖಾನ ಎಲ್ಲ ಬಾಡಿಗೆಗೆ ಸಿಗುತ್ತವೆ. ಫೋಟೋ ಆದ ಮೇಲೆ ಮೊಮೆಂಟೊ ವಾಪಸ್. ಪರಿಚಯದ ಶಾಮಿಯಾನದ ಅಂಗಡಿಯವರಿಗೆ ಹೇಳಿದೆ. ಅವರಿಗೆ ಇದು ತಮಾಷೆ ಅನ್ನಿಸಲೇ ಇಲ್ಲ. ನೋಟ್‌ಬುಕ್ ತೆಗೆದು, ‘ಮಾಡ್ಕೊಡೋಣ ಸಾರ್, ಮುರಿದರೆ ಮಾತ್ರ ದುಡ್ಡು ಕೊಡಬೇಕು. ಹೆಸರು ಯಾರದ್ದು ಹಾಕಿಸ್ಲಿ?’ ಅಂದರು. ಸನ್ಮಾನ ಯಾರಿಗೆ ಅಂತ ಇನ್ನೂ ಗೊತ್ತಾಗಿಲ್ಲ ಅಂದೆ.

‘ಅವರದ್ದಲ್ಲ ಸಾರ್, ಕೊಡೋರದ್ದು.’