ಎಂಡಿಎಫ್‌ಗೆ ಡವ್‌ಟೇಲ್ ಯಾಕೆ?

ಸ್ಪೀಕರ್ ಪೆಟ್ಟಿಗೆಗೆ ಡವ್‌ಟೇಲ್ ಜಾಯಿಂಟೇ (ಹಲಗೆಯ ಅಂಚುಗಳನ್ನು ಹಕ್ಕಿಬಾಲದ ಆಕಾರದ ಹಲ್ಲುಗಳಾಗಿ ಕೊರೆದು ಒಂದಕ್ಕೊಂದು ಸೇರಿಸುವುದು) ಬೇಕು, ಇಲ್ಲದಿದ್ದರೆ ಗಾಳಿ ಸೋರುತ್ತದೆ ಎಂದು ಬರೆದಿದ್ದೀರಿ. ನಾನು ಒಪ್ಪುವುದಿಲ್ಲ. ಗಟ್ಟಿ ಮರಕ್ಕೆ ಅದು ಸರಿ. ಎಂಡಿಎಫ್ ಅಂದರೆ ಮರದ ನಾರಿಗೆ ಅಂಟು ಬೆರೆಸಿ ಒತ್ತಿ ಮಾಡಿದ ಹಲಗೆ; ಅದರಲ್ಲಿ ಮರದ ಎಳೆಯೇ ಇಲ್ಲ ಅಲ್ವಾ, ಕೊರೆಯುವಾಗಲೇ ಮೂಲೆ ಪುಡಿಯಾಗಿ ಉದುರುತ್ತದೆ.

ನಾಲ್ಕು ಇಂಚಿನ ಸ್ಪೀಕರ್‌ಗೆ ನಾನು 12 ಮಿ.ಮೀ. ಎಂಡಿಎಫ್ ತಂದು, ಒಂದು ಹಲಗೆಯ ಅಂಚನ್ನು ಇನ್ನೊಂದರ ಮೈಗೆ ನೇರವಾಗಿ ಕೂರಿಸಿ ಫೆವಿಕಾಲ್‌ನಲ್ಲಿ ಅಂಟಿಸಿದೆ. ಕತ್ತರಿಸಿದ ಅಂಚು ಗೋಂದನ್ನು ಜಾಸ್ತಿ ಹೀರುತ್ತದೆ. ಅದಕ್ಕೇ ಮೊದಲು ತೆಳುವಾಗಿ ಬಳಿದು, ಹೀರಿದ ಮೇಲೆ ಇನ್ನೊಮ್ಮೆ ಹಚ್ಚಬೇಕು. ಆಮೇಲೆ ಕ್ಲ್ಯಾಂಪ್ ಬಿಗಿದು ರಾತ್ರಿಯಿಡೀ ಬಿಡಿ. ಒಳಮೂಲೆಗೆ ಸಣ್ಣ ರೀಪು ಅಂಟಿಸಿದರೆ ಇನ್ನೂ ಭದ್ರ.

ನನ್ನ ಪೆಟ್ಟಿಗೆಯಲ್ಲಿ ಗಾಳಿ ಸೋರಿದ್ದು ಜಾಯಿಂಟಿನಲ್ಲಲ್ಲ, ಹಿಂದೆ ವೈರ್ ಹೊರಬರುವ ತೂತಿನಲ್ಲಿ. ಅಲ್ಲಿಗೆ ಸಿಲಿಕಾನ್ ಮೆತ್ತಿದ ಮೇಲೆ ನಿಂತಿತು.