ಗ್ಯಾರೇಜಿನಲ್ಲಿ ಕಟ್ಟಿದ ಕಾರಿಗೆ ಇನ್ನೂ ಬಿಗಿ ಪರೀಕ್ಷೆ, ಜಾಸ್ತಿ ಶುಲ್ಕ ಬೇಕೆ?

ಬಿಡಿಭಾಗ ತರಿಸಿಕೊಂಡು ಮನೆಯಲ್ಲೇ ಕಾರು ಜೋಡಿಸುವುದು ಬ್ರಿಟನ್ನಿನವರ ಹಳೆಯ ಹುಚ್ಚು. 1957ರಲ್ಲಿ ಬಂದ ಲೋಟಸ್ ಸೆವೆನ್ ಇದಕ್ಕೆ ಹೆಸರುವಾಸಿ. ಆಗ ಪೂರ್ತಿ ಕಾರು ಕೊಂಡರೆ ಖರೀದಿ ತೆರಿಗೆ ಬೀಳುತ್ತಿತ್ತು, ಬಿಡಿಭಾಗ ಕೊಂಡರೆ ಇಲ್ಲ. 1973ರಲ್ಲಿ ವ್ಯಾಟ್ ಬಂದು ಆ ಲಾಭ ಹೋಯಿತು. ಅದೇ ವರ್ಷ ಸೆವೆನ್ ಕಾರು ಕೇಟರ್‌ಹ್ಯಾಮ್ ಕಂಪನಿಯ ಕೈಗೆ ಬಂತು. ಹುಚ್ಚು ಮಾತ್ರ ಹೋಗಲಿಲ್ಲ. 1998ರಲ್ಲಿ ಇಂಥ ಕಾರುಗಳಿಗೆ ರಸ್ತೆಗಿಳಿಯುವ ಮುನ್ನ ಪಾಸಾಗಬೇಕಾದ ಎಸ್‌ವಿಎ ಅನ್ನುವ ಪರೀಕ್ಷೆ ಬಂತು. 2009ರಲ್ಲಿ ಅದರ ಜಾಗಕ್ಕೆ ಇನ್ನೂ ಬಿಗಿಯಾದ ಐವಿಎ ಬಂತು. ಇದು ಇನ್ನಷ್ಟು ಬಿಗಿಯಾಗಬೇಕೆ, ಶುಲ್ಕ ಏರಬೇಕೆ ಅನ್ನುವ ಜಗಳ ಇಂದಿಗೂ ಮುಗಿದಿಲ್ಲ. ಅಲ್ಲಿ ನೆಲೆಸಿರುವ ಇಬ್ಬರು ಕನ್ನಡಿಗ ಗೆಳೆಯರ ಮಾತು ಇಲ್ಲಿದೆ.

ಪರ: ಬೋಲ್ಟಿನ ಹಿಂದೆ ಏನಿದೆ ಅಂತ ಯಾರಾದರೂ ನೋಡಬೇಕಲ್ಲ

ನಾನು ಕಾರು ಕಟ್ಟಿದವನಲ್ಲ, ಬೇರೆಯವರು ಕಟ್ಟಿದ್ದನ್ನು ಕೊಂಡವನು. ಅದು 1998ಕ್ಕೂ ಮುಂಚೆ ರಸ್ತೆಗೆ ಇಳಿದ ಗಾಡಿ. ಹಸಿರು ಬಣ್ಣ, ಇಬ್ಬರಿಗೆ ಸೀಟು, ತಲೆಯ ಮೇಲೆ ಸೂರಿಲ್ಲ. ಬೇಸಿಗೆಯಲ್ಲಿ ಮಗಳನ್ನು ಪಕ್ಕದಲ್ಲಿ ಕೂರಿಸಿಕೊಂಡು ಹೋಗುವುದೇ ಒಂದು ಖುಷಿ.

ಒಂದು ಭಾನುವಾರ ಸೀಟು ಬಿಚ್ಚಿ ಕಸ ಗುಡಿಸುತ್ತಿದ್ದೆ. ಸೀಟ್ ಬೆಲ್ಟಿನ ಬೋಲ್ಟ್ ಕೈ ತಾಗಿದ್ದಕ್ಕೆ ಅಲ್ಲಾಡಿತು. ಯಾಕೋ ಅನುಮಾನ ಬಂದು ಹಿಂದಿನ ಹಲಗೆ ತೆಗೆದು ಟಾರ್ಚ್ ಬಿಟ್ಟೆ. ಬೋಲ್ಟು ಫೈಬರ್ ಬಾಡಿಯನ್ನು ತೂರಿ ಬಂದಿದೆ. ಅದರ ಹಿಂದೆ ನಾಲ್ಕಾಣೆ ಅಗಲದ ಒಂದು ವಾಷರ್, ಒಂದು ನಟ್ಟು. ಅಷ್ಟೆ. ಗಾಡಿಯ ಚೌಕಟ್ಟಾದ ಚಾಸಿಗೂ ಅದಕ್ಕೂ ಸಂಬಂಧವೇ ಇಲ್ಲ. ಜೋರಾಗಿ ಬ್ರೇಕ್ ಹಾಕಿದ್ದರೆ ಬೆಲ್ಟು ಫೈಬರನ್ನು ಹರಿದುಕೊಂಡು ಈಚೆ ಬರುತ್ತಿತ್ತು. ಎರಡು ಬೇಸಿಗೆ ಮಗಳು ಕೂತಿದ್ದು ಅದೇ ಸೀಟಿನಲ್ಲಿ.

ವರ್ಷಕ್ಕೊಮ್ಮೆ ಎಂಒಟಿ ತಪಾಸಣೆ ಆಗುತ್ತಿತ್ತು. ಆದರೆ ಅಲ್ಲಿ ಏನನ್ನೂ ಬಿಚ್ಚಿ ನೋಡುವುದಿಲ್ಲ. ಕಟ್ಟಿದ ಪುಣ್ಯಾತ್ಮನ ಮೇಲೆ ನನಗೆ ಸಿಟ್ಟಿಲ್ಲ. ಅವನಿಗೆ ಗೊತ್ತಿರಲಿಲ್ಲ, ಕೇಳುವವರೂ ಇರಲಿಲ್ಲ. ಈಗ ಐವಿಎಯಲ್ಲಿ ಬೆಲ್ಟನ್ನು ಯಾವುದಕ್ಕೆ ಬಿಗಿದಿದ್ದೀರಿ ಅಂತ ಪರೀಕ್ಷಕರಿಗೆ ಮನವರಿಕೆ ಮಾಡಿಕೊಡಬೇಕು. ಹಿಂದಿನ ಚಕ್ರಕ್ಕಿಂತ ಮುಂದಿನದು ಮೊದಲು ಲಾಕ್ ಆಗಬೇಕು, ಇಲ್ಲದಿದ್ದರೆ ಒದ್ದೆ ರಸ್ತೆಯಲ್ಲಿ ಗಾಡಿ ಬುಗುರಿಯಂತೆ ತಿರುಗುತ್ತದೆ. ಸ್ಪೀಡೋಮೀಟರ್ ನಿಜವಾದ ವೇಗಕ್ಕಿಂತ ಕಡಿಮೆ ತೋರಿಸಬಾರದು. ಇದರಲ್ಲಿ ಯಾವುದು ಅತಿ ಅನ್ನಿಸುತ್ತದೆ ಹೇಳಿ. ಈಗ ಮನೆಯಲ್ಲೇ ಬ್ಯಾಟರಿ, ಮೋಟಾರು ಕೂರಿಸುವವರೂ ಇದ್ದಾರೆ. ಹೊಸ ಅಪಾಯ ಬಂದಾಗ ಪರೀಕ್ಷೆ ಹಳೆಯದರಲ್ಲೇ ನಿಂತರೆ ಹೇಗೆ?

ಇನ್ನು ಶುಲ್ಕ. ಹವ್ಯಾಸಿಗಳು ಕಟ್ಟಿದ ಕಾರಿಗೆ ವರ್ಷಗಟ್ಟಲೆ 450 ಪೌಂಡ್ ಇತ್ತು. ನಮ್ಮ ಲೆಕ್ಕದಲ್ಲಿ ಹತ್ತಿರ ಹತ್ತಿರ ಐವತ್ತು ಸಾವಿರ ರೂಪಾಯಿ. ಜಾಸ್ತಿ ಅನ್ನಿಸುವುದು ಸಹಜ. ಆದರೆ ಒಬ್ಬ ಪರೀಕ್ಷಕ ಸುಮಾರು ಅರ್ಧ ದಿನ ಒಂದೇ ಕಾರಿನ ಸುತ್ತ ಸುತ್ತುತ್ತಾನೆ. ಆ ಖರ್ಚನ್ನು ಕಟ್ಟಿದವನು ಕೊಡದಿದ್ದರೆ ಇನ್ಯಾರೋ ಕೊಡಬೇಕು. ಬಸ್ಸಿನಲ್ಲಿ ಓಡಾಡುವ ಮುದುಕಿಯ ತೆರಿಗೆಯಿಂದ ನಮ್ಮ ಭಾನುವಾರದ ಆಟಿಕೆಗೆ ಪರೀಕ್ಷೆ ಮಾಡಿಸುವುದು ನನಗಂತೂ ಸರಿ ಕಾಣುವುದಿಲ್ಲ.

ನನ್ನ ತಮ್ಮ ಬೆಂಗಳೂರಿನಲ್ಲಿದ್ದಾನೆ, ಅವನಿಗೂ ಕಾರಿನ ಹುಚ್ಚು. ಭಾರತದ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ ಕಂಪನಿ ಕೊಟ್ಟ ವಿವರಕ್ಕೆ ಹೊಂದದಂತೆ ಗಾಡಿ ಬದಲಿಸುವಂತಿಲ್ಲ. 2019ರಲ್ಲಿ ಸುಪ್ರೀಂ ಕೋರ್ಟ್ ಅದನ್ನೇ ಗಟ್ಟಿಮಾಡಿ ಹೇಳಿತು. ಅಲ್ಲಿ ಇವನು ಸ್ವಂತ ಕಾರು ಕಟ್ಟಿ ಆರ್‌ಟಿಒ ಆಫೀಸಿಗೆ ಹೋದರೆ ಏನಾಗುತ್ತದೆ ಅಂತ ನಾನು ಬಿಡಿಸಿ ಹೇಳಬೇಕಿಲ್ಲ. "ದುಡ್ಡು ಹೋಗಲಿ ಬಿಡೋ, ಪಾಸಾಗೋಕೆ ಒಂದು ಪರೀಕ್ಷೆ ಅಂತಾದ್ರೂ ಇದೆಯಲ್ಲ ನಿಮಗೆ" ಅನ್ನುತ್ತಾನೆ ಅವನು.

ವಿರೋಧ: ಮೂರು ಚಳಿಗಾಲದ ಕೆಲಸ, ಒಂದು ಬೆಳಗಿನ ನಾಟಕ

ಆ ಬೋಲ್ಟಿನ ಕಥೆ ನನಗೆ ಚೆನ್ನಾಗಿ ಗೊತ್ತು. ಅದನ್ನು ಸರಿಮಾಡಿದ್ದೇ ನನ್ನ ಗ್ಯಾರೇಜಿನಲ್ಲಿ. ಚಾಸಿಗೆ ಉಕ್ಕಿನ ಪಟ್ಟಿ ಬೆಸುಗೆ ಹಾಕಿ, ಹೊಸ ಬೋಲ್ಟ್ ಬಿಗಿದು ಕೊಟ್ಟವನು ನಾನು. ಆದರೆ ಗೆಳೆಯ ಒಂದು ವಿಷಯ ಮರೆತಿದ್ದಾನೆ. ಆ ಗಾಡಿ ಯಾವ ಪರೀಕ್ಷೆಯನ್ನೂ ಕಾಣದ ಕಾಲದ್ದು. ಈಗಿರುವ ಪರೀಕ್ಷೆಯಲ್ಲೇ ಅದು ಸಿಕ್ಕಿಬೀಳುತ್ತಿತ್ತು. ಬೆಲ್ಟು, ಬ್ರೇಕು, ಸ್ಟೀರಿಂಗ್ ನೋಡಿ, ನನ್ನ ತಕರಾರಿಲ್ಲ. ಇನ್ನೂ ಬಿಗಿ ಮಾಡಿದರೆ ಹೊಸದಾಗಿ ಏನು ಸಿಗುತ್ತದೆ?

ಈಗಾಗಲೇ ಇರುವಂಥದ್ದೇ ಇನ್ನಷ್ಟು ಸಿಗುತ್ತದೆ. ಒಂದು ಉದಾಹರಣೆ ಹೇಳುತ್ತೇನೆ. ದಾರಿಹೋಕರಿಗೆ ಚೂಪಾದ ಅಂಚು ತಾಗಬಾರದು ಅಂತ ನೋಡಲು ದೊಡ್ಡ ಮೂಸಂಬಿ ಗಾತ್ರದ, 100 ಮಿಲಿಮೀಟರ್ ಅಗಲದ ಒಂದು ಗುಂಡು. ಕಾರಿನ ಹೊರಮೈಯಲ್ಲಿ ಆ ಗುಂಡು ಮುಟ್ಟುವ ಅಂಚು ಸಾಮಾನ್ಯವಾಗಿ 2.5 ಮಿಲಿಮೀಟರಿನಷ್ಟಾದರೂ ದುಂಡಗಿರಬೇಕು. ಸೆವೆನ್ ಥರದ ಕಾರಿನಲ್ಲಿ ಮುಂದಿನ ಸಸ್ಪೆನ್ಷನ್ ಪೂರ್ತಿ ಬಯಲಲ್ಲೇ ಇರುತ್ತದೆ. ಹಾಗಾಗಿ ಪ್ರತಿ ನಟ್ಟಿಗೂ ಪ್ಲಾಸ್ಟಿಕ್ ಟೋಪಿ, ಪ್ರತಿ ತಗಡಿನ ಅಂಚಿಗೂ ರಬ್ಬರ್ ಪಟ್ಟಿ. ಒಂದು ಇಡೀ ಶನಿವಾರ ಮಂಡಿಯೂರಿ ಕೂತು ಟೋಪಿ ಹಾಕಿದ್ದೇನೆ. ಹೆಂಡತಿ ಕಾಫಿ ತಂದವಳು, "ಸಾಲಾಗಿ ಕೂರಿಸಿ ಚೌಲ ಮಾಡ್ತಿದ್ದೀಯೇನೋ ಅಂದುಕೊಂಡೆ" ಅಂದಳು.

ಪರೀಕ್ಷೆ ಮುಗಿದ ಸಂಜೆ ಎಷ್ಟೋ ಜನ ಅವನ್ನೆಲ್ಲ ಕಿತ್ತು ಹಾಕುತ್ತಾರೆ. ಮದುವೆ ಮುಗಿದ ಮೇಲೆ ಚಪ್ಪರ ಬಿಚ್ಚಿದ ಹಾಗೆ. ಕಾರು ಕಟ್ಟುವವರಿಗೆಲ್ಲ ಇದು ಗೊತ್ತಿರುವ ಗುಟ್ಟು. ದಾರಿಹೋಕರಿಗೆ ಏನು ರಕ್ಷಣೆ ಸಿಕ್ಕಿತು? ಲಕ್ಷಗಟ್ಟಲೆ ಕಾರು ಮಾಡುವ ಫ್ಯಾಕ್ಟರಿಗೆ ಇಂಥ ನಿಯಮ ಸರಿ. ಅಲ್ಲಿ ಒಮ್ಮೆ ಅಚ್ಚು ಸರಿಮಾಡಿದರೆ ಮುಗಿಯಿತು. ನಾನು ಮಾಡುವುದು ಒಂದೇ ಒಂದು ಕಾರು.

ಶುಲ್ಕದ ಲೆಕ್ಕವೂ ಗೆಳೆಯ ಹೇಳಿದಷ್ಟು ಸರಳ ಇಲ್ಲ. ನನ್ನ ಕಾರು ಮೊದಲ ಸಲ ಫೇಲಾಯಿತು. ಸೈಲೆನ್ಸರ್ ಸದ್ದು 99 ಡೆಸಿಬೆಲ್ ದಾಟಬಾರದು, ನನ್ನದು ಒಂದು ಜಾಸ್ತಿ ಬಂತು. ಒಂದೇ ಒಂದು! ಮನೆಗೆ ಬಂದು ಸೈಲೆನ್ಸರ್ ಬಿಚ್ಚಿ ಒಳಗೆ ಸದ್ದು ಹೀರುವ ಹೊಸ ಉಣ್ಣೆ ತುರುಕಿದೆ. ಮರುಪರೀಕ್ಷೆಗೆ 90 ಪೌಂಡ್. ಅದು ರಸೀದಿಯಲ್ಲಿ ಕಾಣುವ ಖರ್ಚು. ಎಲ್ಲ ಕೇಂದ್ರಗಳಲ್ಲೂ ಈ ಪರೀಕ್ಷೆ ಮಾಡುವುದಿಲ್ಲ, ಹಾಗಾಗಿ ಮತ್ತೆ ಟ್ರೇಲರ್ ಬಾಡಿಗೆ, ಮತ್ತೆ ಡೀಸೆಲ್, ಮತ್ತೊಂದು ದಿನ ರಜೆ. ಸದ್ದು ಅಳೆಯುವ ಕೆಲಸ ಹತ್ತು ನಿಮಿಷದ್ದೂ ಅಲ್ಲ.

ನನಗೆ ಇದಕ್ಕಿಂತ ನೋವು ಕೊಡುವುದು ನಿಯಮ ಬದಲಾಗುವ ರೀತಿ. ಬಿಡುವಿನಲ್ಲಿ ಕಟ್ಟುವ ಕಾರು ಮೂರು ಚಳಿಗಾಲ ತಿನ್ನುತ್ತದೆ. ಈ ತಿಂಗಳ ಸಂಬಳದಲ್ಲಿ ರೇಡಿಯೇಟರ್, ಮುಂದಿನ ತಿಂಗಳದ್ದರಲ್ಲಿ ಚಕ್ರ. ಹಳೆಯ ನಿಯಮ ನೋಡಿ ಕೊಂಡ ಸಾಮಾನು ಮುಗಿಸುವ ಹೊತ್ತಿಗೆ ನಡೆಯದ ನಾಣ್ಯ. 2009ರಲ್ಲಿ ಗಡುವಿಗೆ ಮುಂಚೆ ಪರೀಕ್ಷೆ ಮುಗಿಸಲು ರಾತ್ರಿಯೆಲ್ಲ ಕೆಲಸ ಮಾಡಿದವರು ಇವತ್ತಿಗೂ ಆ ಕಥೆ ಹೇಳುತ್ತಾರೆ. ಅವಸರದಲ್ಲಿ ಬಿಗಿದ ಬೋಲ್ಟ್ ಎಷ್ಟು ಭದ್ರ? ಕೆಲಸ ಶುರುಮಾಡಿದ ದಿನ ಒಂದು ಅರ್ಜಿ ಹಾಕಿಸಿಕೊಂಡು, ಆ ದಿನದ ನಿಯಮವನ್ನೇ ಕೊನೆತನಕ ಅನ್ವಯಿಸಿದರೆ ಆಗದೇ?

ಶುಲ್ಕ ಏರಿಸುವವರು ಕಳ್ಳದಾರಿಯನ್ನೂ ನೆನಪಿಡಬೇಕು. ಹಳೆಯ ಕಾರಿನ ಭಾಗ ಬಳಸಿ ಕಟ್ಟಿದ ಗಾಡಿಗೆ ಆ ಕಾರಿನ ನಂಬರ್ ಉಳಿಸಿಕೊಳ್ಳಲು ಇಲ್ಲಿ ವರ್ಷಗಟ್ಟಲೆ ಅಂಕದ ಲೆಕ್ಕವಿತ್ತು. ಚಾಸಿಗೆ 5, ಸಸ್ಪೆನ್ಷನ್, ಆಕ್ಸಲ್, ಗೇರ್‌ಬಾಕ್ಸ್, ಸ್ಟೀರಿಂಗ್ ಇವಕ್ಕೆ ತಲಾ 2, ಎಂಜಿನ್ನಿಗೆ 1. ಚಾಸಿಯ 5 ಸೇರಿ ಒಟ್ಟು 8 ಅಂಕ ಬಂದರೆ ಹಳೆಯ ಗುರುತೇ ಮುಂದುವರಿಯುತ್ತಿತ್ತು. ಹೊಸ ಚಾಸಿ ಹಾಕಿದವನು ಬಾಯಿ ಮುಚ್ಚಿಕೊಂಡು ಹಳೆಯ ನೋಂದಣಿ ಪುಸ್ತಕದಲ್ಲೇ ಗಾಡಿ ಓಡಿಸಿದರೆ ಪರೀಕ್ಷೆಯ ಗೊಡವೆಯೇ ಇಲ್ಲ. ಅದು ತಪ್ಪು, ಸಿಕ್ಕಿಬಿದ್ದರೆ ಕಾರೇ ಹೋಗಬಹುದು. ಆದರೂ ಶುಲ್ಕ ಏರಿದಷ್ಟೂ ಆ ಆಸೆ ಏರುತ್ತದೆ. ಆಗ ಗೆಳೆಯನ ಬೋಲ್ಟಿನಂಥವು ಮತ್ತೆ ಹಲಗೆಯ ಹಿಂದೆ ಹೋಗಿ ಕೂರುತ್ತವೆ.

ನನ್ನ ಟೋಪಿಗಳನ್ನು ನಾನು ಎಸೆದಿಲ್ಲ. ಉಪ್ಪಿನಕಾಯಿಯ ಖಾಲಿ ಬಾಟಲಿಯಲ್ಲಿ ತುಂಬಿಟ್ಟಿದ್ದೆ. ಕಳೆದ ತಿಂಗಳು ಪಕ್ಕದ ಊರಿನವರೊಬ್ಬರು ಬಂದು ಎರವಲು ಒಯ್ದರು. ಪರೀಕ್ಷೆ ಮುಗಿದ ದಿನವೇ ವಾಪಸ್ ತಂದುಕೊಡುತ್ತೇನೆ ಅಂದಿದ್ದಾರೆ.